ವಿದ್ಯಾರ್ಥಿಗಳು ಮಾಡಿದ ವೈದ್ಯಕೀಯ ಉಪಕರಣ ವಾರ್ಡಿಗೆ ಏಕೆ ತಲುಪುವುದಿಲ್ಲ?

ನೀವು ಮಂಗಳೂರಿನಲ್ಲಿ ಅಂತಿಮ ವರ್ಷದ ಇಂಜಿನಿಯರಿಂಗ್ ಓದುತ್ತಿದ್ದೀರಿ. ಡ್ರಿಪ್ ಬಾಟಲಿ ಖಾಲಿಯಾಗುವ ಮುನ್ನ ಎಚ್ಚರಿಸುವ ನಿಮ್ಮ ಉಪಕರಣಕ್ಕೆ ಬಹುಮಾನ ಬಂದಿದೆ. ಅದನ್ನು ಪರಿಚಯದ ವೈದ್ಯರೊಬ್ಬರ ವಾರ್ಡಿನಲ್ಲಿ ನೇರವಾಗಿ ರೋಗಿಗಳಿಗೆ ಜೋಡಿಸಿ ನೋಡಬಹುದೇ, ಇಂಥ ಯೋಜನೆಗಳೆಲ್ಲ ಕಾಲೇಜಿನ ಕಪಾಟಿನಲ್ಲೇ ಏಕೆ ಉಳಿಯುತ್ತವೆ ಎಂದು ಕೇಳಿದ್ದೀರಿ. ಎರಡನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ. ಉಡುಪಿ ಕಡೆಯ ಕಾಲೇಜೊಂದರಲ್ಲಿ ಓದುವಾಗ ನಾನೂ ಹೆಚ್ಚುಕಡಿಮೆ ಇದೇ ಉಪಕರಣವನ್ನು ಮಾಡಿದ್ದೆ, ಅದು ಈಗಲೂ ನಮ್ಮ ಮನೆಯ ಅಟ್ಟದ ಮೇಲಿದೆ.

ಬಾಟಲಿಯ ಕೆಳಗೆ ಹನಿಗಳು ಬೀಳುವುದು ಕಾಣುವ ಪಾರದರ್ಶಕ ಕೊಳವೆಗೆ ಡ್ರಿಪ್ ಚೇಂಬರ್ ಎನ್ನುತ್ತಾರೆ. ಅದರ ಒಂದು ಬದಿಗೆ ಇನ್‌ಫ್ರಾರೆಡ್ ಎಲ್‌ಇಡಿ, ಎದುರು ಬದಿಗೆ ಸೆನ್ಸರ್. ಹನಿ ಬೀಳುವಾಗ ಬೆಳಕಿಗೆ ಕ್ಷಣಕಾಲ ತಡೆಯಾಗುತ್ತದೆ, ಅದನ್ನು ಎಣಿಸಿದರಾಯಿತು. ದೊಡ್ಡವರಿಗೆ ಬಳಸುವ ಸಾಮಾನ್ಯ ಸೆಟ್ಟಿನಲ್ಲಿ (ಚೇಂಬರ್ ಮತ್ತು ನಳಿಕೆಯ ಜೋಡಣೆಯಲ್ಲಿ) 20 ಹನಿಗೆ 1 ಮಿಲಿಲೀಟರ್ ಎಂಬ ಲೆಕ್ಕ ನಮ್ಮ ಮೇಜಿನ ಮೇಲೆ ಒಂದು ಹನಿಯೂ ತಪ್ಪದೆ ಬರುತ್ತಿತ್ತು. ಆಸ್ಪತ್ರೆಯವರ ಒಪ್ಪಿಗೆ ಪಡೆದು ವಾರ್ಡಿನಲ್ಲಿ ರೋಗಿಯಿಲ್ಲದ ಮಂಚವೊಂದರ ಪಕ್ಕ ಬಾಟಲಿ ತೂಗುಹಾಕಿ, ನೀರನ್ನು ಬಕೆಟ್ಟಿಗೆ ಬಿಟ್ಟು ನೋಡಿದ ದಿನ ಅದರ ಬಣ್ಣ ಬಯಲಾಯಿತು. ಬೆಳಗಿನ ಬಿಸಿಲು ಕಿಟಕಿಯಿಂದ ನೇರವಾಗಿ ಬಿದ್ದಾಗ ಸೆನ್ಸರ್ ಕುರುಡಾಯಿತು, ಏಕೆಂದರೆ ಬಿಸಿಲಿನಲ್ಲೂ ಇನ್‌ಫ್ರಾರೆಡ್ ಕಿರಣಗಳು ಧಾರಾಳವಾಗಿವೆ. ಸ್ಟ್ಯಾಂಡನ್ನು ಸ್ವಲ್ಪ ಸರಿಸಿದಾಗ ಚೇಂಬರ್ ವಾಲಿ, ಹನಿಗಳು ಗೋಡೆಗೆ ತಾಗಿ ಜಾರಿ ಇಳಿದವು, ಎಣಿಕೆ ತಪ್ಪಿತು. ಇವೆರಡಕ್ಕೂ ಪರಿಹಾರವಿತ್ತು: ಎಲ್‌ಇಡಿಯನ್ನು ನಿಶ್ಚಿತ ಆವರ್ತನದಲ್ಲಿ ಮಿನುಗಿಸಿ, ಸೆನ್ಸರ್ ಆ ಮಿನುಗನ್ನು ಮಾತ್ರ ಗುರುತಿಸುವಂತೆ ಮಾಡಬಹುದು, ಕ್ಲಿಪ್ಪಿನ ಆಕಾರ ಬದಲಿಸಬಹುದು. ಪರಿಹಾರವಿಲ್ಲದಂತೆ ಮಾಡಿದ್ದು ಅಲ್ಲಿನ ಹಿರಿಯ ಸಿಸ್ಟರ್ ಕೇಳಿದ ಎರಡು ಪ್ರಶ್ನೆಗಳು. ಮಕ್ಕಳಿಗೆ ಹಾಕುವ ಸೆಟ್ಟಿನಲ್ಲಿ 60 ಹನಿಗೆ 1 ಮಿಲಿಲೀಟರ್, ವಾರ್ಡಿನಲ್ಲಿ ಎರಡೂ ಬಗೆಯವು ಇರುತ್ತವೆ, ನಿಮ್ಮ ಡಬ್ಬಿಗೆ ಯಾವುದೆಂದು ಹೇಗೆ ಗೊತ್ತಾಗುತ್ತದೆ ಎಂಬುದು ಒಂದು. ರಾತ್ರಿ ಪಾಳಿಯಲ್ಲಿ ಇರುವವರು ಇಬ್ಬರು, ಇಂಥ ಹತ್ತು ಡಬ್ಬಿಗಳು ಒಟ್ಟಿಗೆ ಕೂಗಿದರೆ ಯಾವ ಮಂಚಕ್ಕೆ ಓಡಬೇಕು ಎಂಬುದು ಇನ್ನೊಂದು. ನಮ್ಮ ಉಪಕರಣ ಅವರ ಕೆಲಸವನ್ನು ಹಗುರ ಮಾಡುವುದರ ಬದಲು ಇನ್ನೊಂದು ಕೆಲಸವನ್ನು ಸೇರಿಸುತ್ತಿತ್ತು. ವರ್ಷವಿಡೀ ಸರ್ಕ್ಯೂಟಿನ ಮುಂದೆ ಕುಳಿತಿದ್ದ ನಾವು ಒಂದು ರಾತ್ರಿಯೂ ವಾರ್ಡಿನಲ್ಲಿ ಕುಳಿತಿರಲಿಲ್ಲ. ಹಣದ ಕೊರತೆ, ನಿಯಮಗಳ ತೊಡಕು ಎಂದು ಏನೇ ಹೇಳಿದರೂ ಹೆಚ್ಚಿನ ಯೋಜನೆಗಳು ಕಪಾಟು ಸೇರುವುದು ಇಲ್ಲೇ ಎಂಬುದು ನನ್ನ ಅಭಿಪ್ರಾಯ.

ದಾರಿ ಎಷ್ಟು ದೂರವಿದೆ ಎಂದು ತಿಳಿಯಲು ನಮ್ಮ ಮಣಿಪಾಲಕ್ಕೆ ನಂಟಿರುವ ಒಂದು ಉದಾಹರಣೆ ಸಾಕು. ಮಣಿಪಾಲ ವಿಶ್ವವಿದ್ಯಾಲಯದ ಮೊದಲ ಕುಲಪತಿಯಾಗಿದ್ದ ಡಾ. ಎಂ. ಎಸ್. ವಲಿಯತ್ತಾನ್ ಅವರು ಅದಕ್ಕೂ ಮೊದಲು ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆಯಲ್ಲಿ ಹೃದಯದ ಕೃತಕ ಕವಾಟವನ್ನು ಅಭಿವೃದ್ಧಿಪಡಿಸಿದವರು. ಮೊದಲ ಮೂರು ಮಾದರಿಗಳು ಸೋತವು. ಕೋಬಾಲ್ಟ್-ಕ್ರೋಮಿಯಂ ಮಿಶ್ರಲೋಹದ ಚೌಕಟ್ಟಿನೊಳಗೆ ಪಾಲಿಎಥಿಲೀನ್ ಎಂಬ ಪ್ಲಾಸ್ಟಿಕ್ಕಿನ ವಿಶೇಷ ಬಗೆಯ ಬಿಲ್ಲೆ ವಾಲುವ ನಾಲ್ಕನೆಯ ಮಾದರಿ ಕುರಿಗಳಲ್ಲಿ ಪರೀಕ್ಷೆಯಾಗಿ, 1990ರ ಡಿಸೆಂಬರ್ 6ರಂದು ಮೊದಲ ರೋಗಿಯ ಎದೆಯನ್ನು ಸೇರಿತು. ಅಷ್ಟರೊಳಗೆ ಹತ್ತಕ್ಕೂ ಹೆಚ್ಚು ವರ್ಷಗಳು ಕಳೆದಿದ್ದವು. ಶಸ್ತ್ರವೈದ್ಯರು, ಲೋಹತಜ್ಞರು, ಇಂಜಿನಿಯರುಗಳು ಒಂದೇ ಸೂರಿನಡಿ ಕೆಲಸ ಮಾಡಿದ್ದರು. ನಿಮ್ಮದು ಕವಾಟವಲ್ಲ, ಅಷ್ಟು ವರ್ಷಗಳೂ ಬೇಕಿಲ್ಲ.

ಇನ್ನು ಮೊದಲನೆಯ ಪ್ರಶ್ನೆ. ವೈದ್ಯರು ಎಷ್ಟೇ ಆಪ್ತರಾಗಿದ್ದರೂ ನೇರವಾಗಿ ರೋಗಿಗೆ ಜೋಡಿಸುವಂತಿಲ್ಲ. ರೋಗಿಗಳ ಮೇಲಿನ ಅಧ್ಯಯನಗಳು ಸರಿಯೇ ಎಂದು ಪರಿಶೀಲಿಸುವ ಆಸ್ಪತ್ರೆಯ ಎಥಿಕ್ಸ್ ಕಮಿಟಿ ನಿಮ್ಮ ಅಧ್ಯಯನದ ವಿವರವನ್ನು ಓದಿ ಒಪ್ಪಬೇಕು, ಪ್ರತಿಯೊಬ್ಬ ರೋಗಿಯೂ ಅರಿತು ಸಮ್ಮತಿಸಬೇಕು. ಈ ಸಮ್ಮತಿ ಎಂಬುದು ಬರಿಯ ಸಹಿಯಲ್ಲ: ನಮ್ಮ ವಾರ್ಡುಗಳಲ್ಲಿ ತುಳುವಿನಲ್ಲಷ್ಟೇ ಮಾತನಾಡುವ, ಓದಲು ಬಾರದ ಅಜ್ಜಿಯಂದಿರು ಇರುತ್ತಾರೆ, ಅವರಿಗೆ ಅವರದೇ ಮಾತಿನಲ್ಲಿ ವಿವರಿಸಬೇಕು, ಅಧ್ಯಯನಕ್ಕೆ ಸಂಬಂಧಪಡದ ಸಾಕ್ಷಿಯೊಬ್ಬರು ಜೊತೆಗಿರಬೇಕು. 2018ರ ಜನವರಿಯಿಂದ ಜಾರಿಯಲ್ಲಿರುವ ವೈದ್ಯಕೀಯ ಸಾಧನಗಳ ನಿಯಮಗಳು ಅಪಾಯದ ಪ್ರಮಾಣಕ್ಕೆ ತಕ್ಕಂತೆ ಉಪಕರಣಗಳನ್ನು ಎ, ಬಿ, ಸಿ, ಡಿ ಎಂದು ವಿಂಗಡಿಸುತ್ತವೆ. ತಯಾರಿಕೆಗೆ ಪರವಾನಗಿಯನ್ನು ಎ ಮತ್ತು ಬಿ ವರ್ಗಗಳಿಗೆ ರಾಜ್ಯದ ಪ್ರಾಧಿಕಾರವೂ, ಸಿ ಮತ್ತು ಡಿ ವರ್ಗಗಳಿಗೆ ಕೇಂದ್ರದ ಪ್ರಾಧಿಕಾರವೂ ಕೊಡುತ್ತವೆ. ನಿಮ್ಮದು ಯಾವ ವರ್ಗಕ್ಕೆ ಬರುತ್ತದೆ, ರೋಗಿಗಳ ಮೇಲಿನ ಅಧ್ಯಯನಕ್ಕೆ ಕೇಂದ್ರದ ಅನುಮತಿಯೂ ಬೇಕೇ ಎಂಬುದನ್ನು ಮೊದಲೇ ವಿಚಾರಿಸಿಕೊಳ್ಳಿ.

ಕೇಳದಿದ್ದರೂ ಒಂದು ಮಾತು ಹೇಳಬೇಕು. ಬಹುಮಾನದ ಸಂಭ್ರಮದಲ್ಲಿ ಸರ್ಕ್ಯೂಟಿನ ವಿಡಿಯೋವನ್ನು ಈಗಾಗಲೇ ಎಲ್ಲರಿಗೂ ಕಾಣುವಂತೆ ಹಾಕಿದ್ದೀರಾ? ಪೇಟೆಂಟ್ ಅರ್ಜಿಗೆ ಮುನ್ನ ಬಹಿರಂಗಪಡಿಸಿದ್ದು ಹೊಸತು ಎನಿಸಿಕೊಳ್ಳುವುದಿಲ್ಲ, ಕಾನೂನಿನಲ್ಲಿರುವ ವಿನಾಯಿತಿಗಳು ತೀರಾ ಕಡಿಮೆ. ಹಾಕಿಲ್ಲದಿದ್ದರೆ ಹಾಕಬೇಡಿ, ಮೊದಲು ಕಾಲೇಜಿನ ಪೇಟೆಂಟ್ ವಿಭಾಗದವರನ್ನು ಕಾಣಿ.

ಸದ್ಯಕ್ಕೆ ಡಬ್ಬಿಯನ್ನು ಹಾಸ್ಟೆಲಿನಲ್ಲೇ ಬಿಟ್ಟು, ಆ ವೈದ್ಯರ ಮೂಲಕ ಅನುಮತಿ ಪಡೆದು ಎರಡು ಮೂರು ರಾತ್ರಿ ಪಾಳಿಗಳಲ್ಲಿ ಸಿಸ್ಟರ್‌ಗಳ ಪಕ್ಕ ಸುಮ್ಮನೆ ಕುಳಿತುಬನ್ನಿ. ಬಾಟಲಿ ನಿಜಕ್ಕೂ ಯಾವಾಗ ಖಾಲಿಯಾಗುತ್ತದೆ, ಅದನ್ನು ಮೊದಲು ಗಮನಿಸುವವರು ಸಿಸ್ಟರೋ, ಪಕ್ಕದಲ್ಲಿರುವ ಮನೆಯವರೋ ಎಂದು ಬರೆದಿಟ್ಟುಕೊಳ್ಳಿ. ನಿಮ್ಮ ಉಪಕರಣಕ್ಕೆ 20 ಮತ್ತು 60 ಹನಿಗಳ ಸೆಟ್ಟುಗಳ ವ್ಯತ್ಯಾಸ ತಿಳಿಯುತ್ತದೆಯೇ, ಬಿಸಿಲಿಗೆ ಅದು ಏನು ಮಾಡುತ್ತದೆ ಎಂದು ತಿಳಿಸಿದರೆ ಮುಂದಿನದನ್ನು ಬರೆಯುತ್ತೇನೆ.