ಓದುಗರ ಪ್ರಶ್ನೆ: ಬೆನ್ನುಹುರಿ ನೀರಿನ ಸಕ್ಕರೆಗೂ ಮರೆವಿಗೂ ಏನು ಸಂಬಂಧ?

ಪ್ರಶ್ನೆ: ನಮ್ಮ ತಾಯಿಗೆ 68 ವರ್ಷ. ಬಹಳ ದಿನದಿಂದ ಶುಗರ್ ಇದೆ. ಈಗೀಗ ಕೇಳಿದ್ದನ್ನೇ ಮತ್ತೆ ಮತ್ತೆ ಕೇಳುತ್ತಾರೆ, ಒಲೆ ಆರಿಸುವುದನ್ನು ಮರೆಯುತ್ತಾರೆ. ಡಾಕ್ಟರ್ ಬೆನ್ನಿನಿಂದ ನೀರು ತೆಗೆದು ಪರೀಕ್ಷೆ ಮಾಡೋಣ ಅಂದಿದ್ದಾರೆ. ಆ ನೀರಿನ ಸಕ್ಕರೆ ಅಣುಗಳಿಂದ ಆಲ್‌ಝೈಮರ್ ಗೊತ್ತಾಗುತ್ತದೆ ಅಂತ ಓದಿದೆ. ಹಾಗಾದರೆ ಸಿಹಿ ತಿಂದಿದ್ದರಿಂದಲೇ ಮರೆವು ಬಂತಾ? ಹೆದರಿ ಅವರಿಗೆ ಸಿಹಿಯನ್ನು ಪೂರ್ತಿ ನಿಲ್ಲಿಸಿದ್ದೇವೆ. ಪಾಪ, ಅವರಿಗೆ ತುಂಬಾ ಬೇಜಾರಾಗಿದೆ.

ಉತ್ತರ: ನೀವು ಓದಿದ ಸಕ್ಕರೆ ಬೇರೆ, ತಾಯಿ ತಿನ್ನುವ ಸಕ್ಕರೆ ಬೇರೆ. ಮೊದಲು ಆ ಭಯ ಬಿಡಿ.

ಬೆನ್ನುಹುರಿ ನೀರು ಅಂದರೆ ಮಿದುಳು ಮತ್ತು ಬೆನ್ನುಹುರಿ ಎರಡರ ಸುತ್ತಲೂ ಇರುವ ಒಂದೇ ನೀರು. ಅದರಲ್ಲಿ ಗ್ಲೂಕೋಸ್ ಇದ್ದೇ ಇರುತ್ತದೆ, ರಕ್ತದಲ್ಲಿರುವುದರ ಸುಮಾರು ಮೂರನೇ ಎರಡು ಭಾಗದಷ್ಟು. ಬ್ಯಾಕ್ಟೀರಿಯಾದಿಂದ ಮಿದುಳಿನ ಪೊರೆಗೆ ಸೋಂಕು ತಗುಲಿದರೆ ಅದು ಇಳಿಯುತ್ತದೆ, ಡಾಕ್ಟರ್ ಅದನ್ನು ನೋಡುವುದು ಮುಖ್ಯವಾಗಿ ಅದಕ್ಕೇ. ರಿಪೋರ್ಟಿನ ಆ ಸಾಲು ನೋಡಿ ಮರೆವಿನ ಬಗ್ಗೆ ಏನೂ ಹೇಳಲು ಬರುವುದಿಲ್ಲ.

ಸಂಶೋಧಕರು ಬೆನ್ನು ಹತ್ತಿರುವುದು ಗ್ಲೈಕಾನ್‌ಗಳನ್ನು. ನಮ್ಮ ಜೀವಕೋಶಗಳು ಬಹಳಷ್ಟು ಪ್ರೋಟೀನ್‌ಗಳಿಗೆ ಸಕ್ಕರೆ ಅಣುಗಳ ಸಣ್ಣ ಸಣ್ಣ ಸರಪಳಿ ಅಂಟಿಸುತ್ತವೆ, ಅವೇ ಗ್ಲೈಕಾನ್. ಎ, ಬಿ ಅಂತ ರಕ್ತದ ಗುಂಪು ಬೇರೆಯಾಗುವುದೂ ಇಂಥ ಸರಪಳಿಯ ತುದಿಯ ಒಂದೇ ಒಂದು ಸಕ್ಕರೆಯಿಂದ. ಒಂದೇ ಪ್ರೋಟೀನ್ ಆದರೂ ಅದು ಎಲ್ಲಿ ತಯಾರಾಯಿತು ಅನ್ನುವುದರ ಮೇಲೆ ಸರಪಳಿ ಬದಲಾಗುತ್ತದೆ. ಕಬ್ಬಿಣ ಹೊತ್ತೊಯ್ಯುವ ಟ್ರಾನ್ಸ್‌ಫೆರಿನ್ ನೋಡಿ. ಲಿವರ್ ಮಾಡಿದ ಟ್ರಾನ್ಸ್‌ಫೆರಿನ್‌ನ ಸರಪಳಿ ತುದಿಯಲ್ಲಿ ಸಿಯಾಲಿಕ್ ಆಮ್ಲ ಅನ್ನುವ ಸಕ್ಕರೆ ಇರುತ್ತದೆ, ಮಿದುಳಿನ ಕಡೆ ತಯಾರಾಗಿದ್ದರಲ್ಲಿ ಅದು ಇರುವುದಿಲ್ಲ. ತಲೆಗೆ ಪೆಟ್ಟು ಬಿದ್ದವರ ಮೂಗಿನಿಂದ ನೀರು ಸೋರುತ್ತಿದ್ದರೆ ಅದು ಬರೀ ನೆಗಡಿಯೋ, ಮಿದುಳಿನ ನೀರೋ ಅಂತ ಆಸ್ಪತ್ರೆಗಳು ಎಷ್ಟೋ ವರ್ಷದಿಂದ ಇದೇ ವ್ಯತ್ಯಾಸ ಹಿಡಿದು ಪತ್ತೆ ಮಾಡುತ್ತಿವೆ. ಅಂದರೆ ಸಕ್ಕರೆ ಸರಪಳಿ ಓದಿದರೆ ಮಿದುಳಿನ ಸುದ್ದಿ ಸಿಗುತ್ತದೆ ಅನ್ನುವುದು ಗಾಳಿಮಾತಲ್ಲ.

ಆಲ್‌ಝೈಮರ್ ವಿಷಯದಲ್ಲಿ ಜಾಸ್ತಿ ಗಮನ ಸೆಳೆದಿರುವುದು ಸರಪಳಿ ಕವಲೊಡೆಯುವ ಕಡೆ ಮಧ್ಯದಲ್ಲಿ ಬಂದು ಕೂರುವ ಒಂದು ಸಕ್ಕರೆ, ಎನ್-ಅಸಿಟೈಲ್‌ಗ್ಲುಕೋಸಮೈನ್. ಆಲ್‌ಝೈಮರ್‌ನಲ್ಲಿ ಮಿದುಳಿನಲ್ಲಿ ಗುಡ್ಡೆ ಬೀಳುವ ಅಮಿಲಾಯ್ಡ್ ಅನ್ನುವ ಪ್ರೋಟೀನ್ ತುಣುಕುಗಳನ್ನು ಕತ್ತರಿಸಿ ಹುಟ್ಟಿಸುವ ಕಿಣ್ವದ ಮೇಲೂ ಇದು ಇರುತ್ತದೆ. ಆಲ್‌ಝೈಮರ್ ಮಾದರಿಯ ಇಲಿಗಳಲ್ಲಿ ಈ ಸಕ್ಕರೆ ಅಲ್ಲಿ ಕೂರದ ಹಾಗೆ ಮಾಡಿದಾಗ, ಆ ಕಿಣ್ವ ಜೀವಕೋಶದ ಒಳಗೇ ಒಡೆದುಹೋಗಿ, ಮಿದುಳಿನಲ್ಲಿ ಅಮಿಲಾಯ್ಡ್ ಶೇಖರವಾಗುವುದು ಕಡಿಮೆಯಾಯಿತು. ನನಗೆ ಈ ವಿಷಯದಲ್ಲಿ ನಂಬಿಕೆ ಹುಟ್ಟಿದ್ದೇ ಇದನ್ನು ಓದಿ, ಯಾಕೆಂದರೆ ಸಕ್ಕರೆ ಇಲ್ಲಿ ಬರೀ ಗುರುತಲ್ಲ, ಕಾಯಿಲೆಯ ಕೆಲಸದಲ್ಲೇ ಅದರ ಕೈ ಇದ್ದಂತಿದೆ.

ಸ್ವೀಡನ್ನಿನ ಕರೋಲಿನ್‌ಸ್ಕಾ ಸಂಸ್ಥೆಯವರು 2020ರಲ್ಲಿ ಬೆನ್ನುಹುರಿ ನೀರಿನಲ್ಲೇ ಇದನ್ನು ಅಳೆದರು. ಮರೆವು ಬಂದಿದೆ ಅಂತ ತಮಗೇ ಅನ್ನಿಸುತ್ತದೆ, ಆದರೆ ಪರೀಕ್ಷೆಯಲ್ಲಿ ಏನೂ ಸಿಗುವುದಿಲ್ಲ, ಅಂಥವರಲ್ಲಿ ಈ ಸಕ್ಕರೆ ಜಾಸ್ತಿ ಇದ್ದ ಕಡೆ, ಆಲ್‌ಝೈಮರ್‌ನಲ್ಲಿ ನರಕೋಶಗಳೊಳಗೆ ಗಂಟುಕಟ್ಟುವ ಟೌ ಅನ್ನುವ ಪ್ರೋಟೀನೂ ಜಾಸ್ತಿ ಇತ್ತು. ಅಳೆಯಲು ಬಳಸಿದ್ದು ರಾಜ್ಮಾ ಕಾಳಿನಲ್ಲಿ ಸಿಗುವ ಲೆಕ್ಟಿನ್ ಅನ್ನುವ ಪ್ರೋಟೀನ್, ಅದು ಈ ಸಕ್ಕರೆ ಇರುವ ಸರಪಳಿಯನ್ನೇ ಹುಡುಕಿ ಹಿಡಿದುಕೊಳ್ಳುತ್ತದೆ.

ಇಷ್ಟೆಲ್ಲ ಆದರೂ ಇದು ಇನ್ನೂ ಸಂಶೋಧನೆಯ ಮಟ್ಟದಲ್ಲೇ ಇದೆ. ನಿಮ್ಮ ತಾಯಿಯ ಸ್ಯಾಂಪಲ್‌ನಲ್ಲಿ ಲ್ಯಾಬಿನವರು ನೋಡುವುದು ಅಮಿಲಾಯ್ಡ್ ಬೀಟಾ 42 ಮತ್ತು ಟೌ. ಆಲ್‌ಝೈಮರ್‌ನಲ್ಲಿ ಮೊದಲನೆಯದು ಮಿದುಳಿನಲ್ಲೇ ಶೇಖರವಾಗುವುದರಿಂದ ಈ ನೀರಿನಲ್ಲಿ ಇಳಿದಿರುತ್ತದೆ, ಎರಡನೆಯದು ಏರಿರುತ್ತದೆ. ಒಂದು ಮಾತು ಕೇಳಿಕೊಳ್ಳಿ: ನೀರು ತುಂಬುವ ಟ್ಯೂಬ್ ಪಾಲಿಪ್ರೊಪಿಲೀನ್‌ದೇನಾ ಅಂತ. ಗಾಜಿನದೋ ಬೇರೆ ಪ್ಲಾಸ್ಟಿಕ್‌ನದೋ ಆದರೆ ಅಮಿಲಾಯ್ಡ್ ಅದರ ಗೋಡೆಗೆ ಅಂಟಿಕೊಂಡು, ಕಾಯಿಲೆ ಇಲ್ಲದಿದ್ದರೂ ಸುಮ್ನೆ ಕಡಿಮೆ ತೋರಿಸಿಬಿಡಬಹುದು. ಬಿ12 ಮತ್ತು ಥೈರಾಯ್ಡ್ ಪರೀಕ್ಷೆ ಆಗಿಲ್ಲದಿದ್ದರೆ ಅದನ್ನೂ ಮಾಡಿಸಿ, ಅವೆರಡರ ಕೊರತೆಯಿಂದಲೂ ಮರೆವು ಬರುತ್ತದೆ, ಅದಕ್ಕೆ ಔಷಧಿ ಇದೆ.

ಇನ್ನು ಸಿಹಿ. ಡಯಾಬಿಟಿಸ್ ಇದ್ದವರಿಗೆ ಮರೆವಿನ ಕಾಯಿಲೆಯ ಸಾಧ್ಯತೆ ಜಾಸ್ತಿ ಅನ್ನುವುದು ನಿಜ, ಹಾಗಾಗಿ ಶುಗರ್ ಹತೋಟಿಯಲ್ಲಿರಲಿ. ಅದು ವಿಪರೀತ ಇಳಿದರೂ ಮಿದುಳಿಗೆ ಪೆಟ್ಟೇ. ಎಷ್ಟು ತಿನ್ನಬಹುದು ಅಂತ ಡಾಕ್ಟರನ್ನೇ ಕೇಳಿ, ತಾಯಿಯವರನ್ನು ಹೆದರಿಸಬೇಡಿ.

ಪ್ರಶ್ನೆ: ಬೆನ್ನಿಗೆ ಸೂಜಿ ಹಾಕಿಸಿದರೆ ಕಾಲು ಬಿದ್ದುಹೋಗುತ್ತದಾ?

ಉತ್ತರ: ಎಲ್ಲರಿಗೂ ಇರುವ ಭಯ ಇದು, ಅಲ್ವಾ? ದೊಡ್ಡವರಲ್ಲಿ ಬೆನ್ನುಹುರಿ ಸೊಂಟದ ಮೊದಲ ಅಥವಾ ಎರಡನೇ ಮೂಳೆಯ ಹತ್ತಿರವೇ ಮುಗಿಯುತ್ತದೆ. ಸೂಜಿ ಹೋಗುವುದು ಅದಕ್ಕಿಂತ ಕೆಳಗೆ, ಮೂರನೇ-ನಾಲ್ಕನೇ ಅಥವಾ ನಾಲ್ಕನೇ-ಐದನೇ ಮೂಳೆಯ ಸಂದಿಯಲ್ಲಿ. ಅಲ್ಲಿ ಹುರಿ ಇರುವುದಿಲ್ಲ, ನೀರಿನಲ್ಲಿ ತೇಲುವ ನರಗಳ ಎಳೆಗಳಿರುತ್ತವೆ. ದೇಹ ದಿನಕ್ಕೆ ಸುಮಾರು 500 ಮಿಲಿ ಹೊಸ ನೀರು ಮಾಡುತ್ತದೆ, ತೆಗೆದದ್ದು ಬೇಗ ತುಂಬಿಕೊಳ್ಳುತ್ತದೆ. ಕೆಲವರಿಗೆ ಒಂದೆರಡು ದಿನ ತಲೆನೋವು ಬರಬಹುದು. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಮಾತ್ರ ಮೊದಲೇ ಹೇಳಲೇಬೇಕು.

ಪ್ರಶ್ನೆ: ಸೂಜಿ ಬೇಡ, ರಕ್ತದಲ್ಲೇ ನೋಡಲು ಆಗುವುದಿಲ್ಲವಾ?

ಉತ್ತರ: ಆಗುವ ದಿನ ಹತ್ತಿರ ಬರುತ್ತಿದೆ. ಅದೇ ಸ್ವೀಡನ್ ತಂಡ 2023ರಲ್ಲಿ 233 ಜನರ ರಕ್ತದಲ್ಲಿ ಅದೇ ಸಕ್ಕರೆಯನ್ನು ನೋಡಿತು. ಅದರ ಜೊತೆ ಟೌ, ಆಲ್‌ಝೈಮರ್ ಸಾಧ್ಯತೆ ಹೆಚ್ಚಿಸುವ ಅಪೊಇ4 ಜೀನ್ ಮತ್ತು ನೆನಪಿನ ಪರೀಕ್ಷೆ ಸೇರಿಸಿದಾಗ, ಲಕ್ಷಣ ಕಾಣುವ ಹತ್ತಿರ ಹತ್ತಿರ ಹತ್ತು ವರ್ಷ ಮೊದಲೇ ಶೇ. 80ರಷ್ಟು ನಿಖರವಾಗಿ ಹೇಳಬಹುದು ಅಂತ ಕಂಡುಬಂತು. ಸಕ್ಕರೆ ನೋಡದೆ ಬರೀ ಟೌ-ಅಮಿಲಾಯ್ಡ್ ಅನುಪಾತ ಅಳೆಯುವ ಒಂದು ರಕ್ತ ಪರೀಕ್ಷೆಗೆ ಔಷಧಿ, ಪರೀಕ್ಷೆಗಳನ್ನು ನೋಡಿ ಒಪ್ಪುವ ಅಮೆರಿಕದ ಸರ್ಕಾರಿ ಸಂಸ್ಥೆ ಎಫ್‌ಡಿಎ 2025ರ ಮೇ ತಿಂಗಳಲ್ಲಿ ಒಪ್ಪಿಗೆ ಕೊಟ್ಟಿದೆ. ಅದೂ 55 ದಾಟಿದ, ಈಗಾಗಲೇ ಮರೆವಿನ ಲಕ್ಷಣ ಇರುವವರಿಗೆ, ತಜ್ಞರು ನೋಡಿ ಹೇಳಿದರೆ ಮಾತ್ರ.