ಮನೆಯಲ್ಲೇ ಫೋಟೊ ಎಡಿಟಿಂಗ್ ಕಲಿಯಲು ಎಲ್ಲಿಂದ ಆರಂಭಿಸಬೇಕು?

ಮನೆಯೊಳಗೆ ತೆಗೆದ ಫೋಟೊಗಳೆಲ್ಲ ಮಂಕಾಗಿ, ಹಳದಿಯಾಗಿ ಬರುತ್ತವೆ, ಸರಿಪಡಿಸಲು ದುಬಾರಿ ಸಾಫ್ಟ್‌ವೇರ್ ಕೊಳ್ಳಬೇಕೇ ಎಂದು ಕೇಳಿದ್ದೀರಿ. ಖಂಡಿತ ಬೇಡ. ಕಂಪ್ಯೂಟರಿಗೆ ಗಿಂಪ್ ಉಚಿತವಾಗಿ ಸಿಗುತ್ತದೆ, ಮೊಬೈಲಿಗೆ ಸ್ನ್ಯಾಪ್‌ಸೀಡ್ ಸಾಕು. ಫಿಲ್ಟರ್‌ಗಳ ಗೊಡವೆಗೆ ಮಾತ್ರ ಈಗಲೇ ಹೋಗಬೇಡಿ. ಮೊದಲು ಬೆಳಕು, ಆಮೇಲೆ ಬಣ್ಣ, ಕಟ್ಟಕಡೆಗೆ ಶಾರ್ಪನಿಂಗ್ (ಅಂಚುಗಳನ್ನು ಚುರುಕಾಗಿಸುವುದು): ನಾನು ಅನುಸರಿಸುವ ಕ್ರಮ ಇದು.

ಮೂಲ ಫೋಟೊವನ್ನು ಮುಟ್ಟದೆ ಅದರ ಒಂದು ನಕಲಿನ ಮೇಲೆ ಕೆಲಸ ಮಾಡಿ. ಫೋಟೊಗಳ ಸಾಮಾನ್ಯ ರೂಪವಾದ ಜೆಪೆಗ್ ಕಡತವನ್ನು ತಿದ್ದಿ ಉಳಿಸಿದಾಗಲೆಲ್ಲ ಸ್ವಲ್ಪ ಸ್ವಲ್ಪವೇ ವಿವರ ಕಳೆದುಹೋಗುತ್ತದೆ. ಗಿಂಪ್‌ನಲ್ಲಾದರೆ ಕೆಲಸ ಮುಗಿಯುವವರೆಗೆ ಅದರದೇ ಎಕ್ಸ್‌ಸಿಎಫ್ ರೂಪದಲ್ಲಿ ಇಟ್ಟುಕೊಂಡು, ಕೊನೆಗೊಮ್ಮೆ ಜೆಪೆಗ್ ಆಗಿ ಎಕ್ಸ್‌ಪೋರ್ಟ್ ಮಾಡಿ.

ಇನ್ನು ಬೆಳಕು. ಗಿಂಪ್‌ನ ಕಲರ್ಸ್ ಮೆನುವಿನಲ್ಲಿ ಲೆವೆಲ್ಸ್ ತೆರೆದರೆ ಗುಡ್ಡದಂಥ ಒಂದು ನಕ್ಷೆ ಕಾಣುತ್ತದೆ. ಅದೇ ಹಿಸ್ಟೊಗ್ರಾಮ್. ಎಡತುದಿ ಕಡುಗಪ್ಪು, ಬಲತುದಿ ಅಚ್ಚಬಿಳಿ. ಮಂಕಾದ ಫೋಟೊದಲ್ಲಿ ಗುಡ್ಡವೆಲ್ಲ ನಡುವೆಯೇ ಗುಂಪುಗೂಡಿ, ಎರಡೂ ತುದಿಗಳು ಖಾಲಿ ಬಿದ್ದಿರುತ್ತವೆ. ನಕ್ಷೆಯ ಕೆಳಗಿರುವ ಕಪ್ಪು ತ್ರಿಕೋನವನ್ನು ಗುಡ್ಡ ಶುರುವಾಗುವಲ್ಲಿಗೆ, ಬಿಳಿಯದನ್ನು ಗುಡ್ಡ ಮುಗಿಯುವಲ್ಲಿಗೆ ಎಳೆದು ನೋಡಿ, ಮಬ್ಬು ಅಲ್ಲೇ ಹರಿಯುತ್ತದೆ. ಮುಖ ಇನ್ನೂ ಕಪ್ಪಾಗಿದ್ದರೆ ನಡುವಿನ ತ್ರಿಕೋನವನ್ನು ಚೂರು ಎಡಕ್ಕೆ ಸರಿಸಿ. ನನ್ನ ಮಟ್ಟಿಗೆ ಕಲಿಯುವವರು ಹೆಚ್ಚು ಹೊತ್ತು ಕಳೆಯಬೇಕಾದ ಜಾಗ ಇದೇ.

ಇದಕ್ಕೂ ಒಂದು ಮಿತಿಯಿದೆ. ಕಿಟಕಿಗೆ ಬೆನ್ನು ಮಾಡಿ ನಿಂತವರ ಫೋಟೊ ಎಂದುಕೊಳ್ಳಿ. ಹೊರಗಿನ ಆಕಾಶ ಪೂರ್ತಿ ಬೆಳ್ಳಗಾಗಿ, ಅಂದರೆ ಹಿಸ್ಟೊಗ್ರಾಮ್‌ನ ಬಲತುದಿಯಾದ 255ಕ್ಕೆ ಮುಟ್ಟಿದ್ದರೆ ಅಲ್ಲಿ ಮೋಡದ ಗುರುತೂ ಉಳಿದಿರುವುದಿಲ್ಲ. ಹೈಲೈಟ್ (ಹೆಚ್ಚು ಬೆಳಗಿದ ಭಾಗಗಳ ಪ್ರಖರತೆ) ಎಷ್ಟು ಇಳಿಸಿದರೂ ಬರುವುದು ಬರೀ ಬೂದು. ನೆರಳಿನಲ್ಲಿರುವ ಮುಖವನ್ನಾದರೆ ಒಂದಿಷ್ಟು ಮೇಲೆತ್ತಬಹುದು, ಅತಿಯಾದರೆ ಮರಳು ಚೆಲ್ಲಿದಂತೆ ಚುಕ್ಕೆಗಳೇಳುತ್ತವೆ. ಹೀಗಾಗಿ ಇಂಥ ಕಡೆ ತೆಗೆಯುವಾಗಲೇ ತುಸು ಕತ್ತಲಾಗಿ ತೆಗೆಯುವುದು ಲೇಸು.

ಹಳದಿ ಛಾಯೆಗೆ ಕಾರಣ ಬಲ್ಬಿನ ಬೆಳಕು. ಸ್ನ್ಯಾಪ್‌ಸೀಡ್‌ನ ವೈಟ್ ಬ್ಯಾಲೆನ್ಸ್‌ನಲ್ಲಿ (ಬಿಳಿಯನ್ನು ಬಿಳಿಯಾಗಿಸುವ ಉಪಕರಣ) ಡ್ರಾಪರ್ ಗುರುತು ಇರುತ್ತದೆ. ಅದನ್ನು ಚಿತ್ರದಲ್ಲಿ ನಿಜಕ್ಕೂ ಬಿಳಿ ಅಥವಾ ಬೂದು ಬಣ್ಣದ್ದೇ ಆದ ವಸ್ತುವಿನ ಮೇಲೆ, ಉದಾಹರಣೆಗೆ ಕಾಗದದ ಮೇಲೋ ಅಂಗಿಯ ಕಾಲರಿನ ಮೇಲೋ, ಇಡಿ. ಉಳಿದ ಬಣ್ಣಗಳು ತಾವಾಗಿ ಸರಿಹೋಗುತ್ತವೆ. ದೀಪದ ಬೆಳಕಿನ ಬಿಸುಪು ಮಾತ್ರ ಕೊಂಚ ಉಳಿಯಲಿ, ಪೂರ್ತಿ ತೆಗೆದರೆ ಚಿತ್ರ ಕಳೆಗುಂದುತ್ತದೆ. ಸ್ಯಾಚುರೇಶನ್ (ಬಣ್ಣಗಳ ಗಾಢತೆ) ಏರಿಸುವಾಗ ಕಣ್ಣು ಚರ್ಮದ ಮೇಲಿರಲಿ. ಅದು ಕಿತ್ತಳೆಗೆ ತಿರುಗುತ್ತಿದೆ ಅನಿಸಿದ ಕೂಡಲೇ ಹಿಂದಕ್ಕೆ ಬನ್ನಿ.

ಕ್ರಾಪ್ ಬಗ್ಗೆ ಹೇಳುವುದು ಹೆಚ್ಚಿಲ್ಲ: ಓರೆಯಾದದ್ದನ್ನು ನೇರ ಮಾಡಿ, ಅಂಚಿನಲ್ಲಿ ಇಣುಕುವ ಬೇಡದ್ದನ್ನು ಕತ್ತರಿಸಿ. ಹೀಲ್ ಉಪಕರಣದಿಂದ ಮೊಡವೆ ಅಳಿಸಿದರೆ ನನ್ನ ತಕರಾರಿಲ್ಲ. ಆದರೆ ಅಜ್ಜಿಯ ಮುಖದ ಸುಕ್ಕುಗಳನ್ನು ದಯವಿಟ್ಟು ಅಳಿಸಬೇಡಿ, ಅವು ಹೋದರೆ ಅದು ಅವರ ಮುಖವೇ ಅಲ್ಲ.

ಚಿತ್ರದ ಅಳತೆಯನ್ನು ಬೇಕಾದಷ್ಟಕ್ಕೆ ಇಳಿಸಿದ ಮೇಲೆ, ನೂರು ಪ್ರತಿಶತ ಗಾತ್ರದಲ್ಲಿ ನೋಡುತ್ತ ಶಾರ್ಪನ್ ಮಾಡಿ. ಕೂದಲಿನ ಅಂಚಿಗೆ ಬಿಳಿಗೆರೆ ಮೂಡಿದರೆ ಹೆಚ್ಚಾಯಿತೆಂದೇ ಅರ್ಥ. 6x4 ಅಂಗುಲದ ಒಳ್ಳೆಯ ಮುದ್ರಣಕ್ಕೆ, ಅಂಗುಲಕ್ಕೆ 300ರ ಲೆಕ್ಕದಲ್ಲಿ, 1800x1200 ಪಿಕ್ಸೆಲ್ ಬೇಕು. ಮುದ್ರಣಕ್ಕೆಂದು ತಿದ್ದುವಾಗ ಪರದೆಯ ಪ್ರಖರತೆಯನ್ನು ಅರ್ಧದ ಆಸುಪಾಸಿಗೆ ಇಳಿಸಿಕೊಳ್ಳಿ. ಪೂರ್ತಿ ಏರಿಸಿಕೊಂಡು ತಿದ್ದಿದ ಚಿತ್ರ ಕಾಗದದ ಮೇಲೆ ಕಪ್ಪಾಗಿ ಬರುವ ಸಂಭವವೇ ಹೆಚ್ಚು.