ಮುಗಿದ್ರ ಮತ್ತೊಂದು ಬರ್ತೈತಲ್ರೀ ಮೇಡಂ

ಕೌದಿ, ಕಸೂತಿ, ಸೀರೆ ಕುಚ್ಚು ಅಂತ ಅರ್ಧಂಬರ್ಧ ಕೆಲಸ ಮನೆ ತುಂಬಾ ಹರವಿಕೊಂಡು ತಲೆ ಕೆಟ್ಟವರು ಸಲಹೆಗೆ ಅಂತ ನನ್ನ ಹತ್ತಿರ ಆಗಾಗ ಬರುತ್ತಾರೆ. ಹೊಲಿಗೆಯದೇ ತೊಂದರೆ ಅಂತ ಯಾರೂ ಹೇಳುವುದಿಲ್ಲ. ನಿದ್ದೆ ಬರ್ತಿಲ್ಲ, ಮಕ್ಕಳ ಮೇಲೆ ಸುಮ್ನೆ ಸಿಟ್ಟು ಬರುತ್ತೆ, ಎದೆ ಢವಢವ ಅನ್ನುತ್ತೆ ಅಂತಲೇ ಮಾತು ಶುರುವಾಗುತ್ತದೆ. ಮುಗಿಯದ ಹೊಲಿಗೆ ತುಂಬಿಟ್ಟ ಚೀಲಗಳ ವಿಷಯ ಆಮೇಲೆ ಬರುವುದು. ಅಂಥ ಒಬ್ಬರ ಬಗ್ಗೆ ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ, ಗುರುತು ಸಿಗುವ ವಿವರ ಬದಲಿಸಿದ್ದೇನೆ.

ಬಾಗಲಕೋಟೆ ನವನಗರದವರು. ಗಂಡನಿಗೆ ನೌಕರಿ, ಇಬ್ಬರು ಮಕ್ಕಳು, ಜೊತೆಗೆ ಅತ್ತೆ. ಕರೆದುಕೊಂಡು ಬಂದದ್ದು ಗಂಡನೇ. "ಒಂದು ಮುಗಿಸಿ ಇನ್ನೊಂದು ಹಿಡಿ ಅಂತ ನೀವರ ಹೇಳ್ರಿ ಮೇಡಂ, ನನ್ನ ಮಾತು ಕೇಳಂಗಿಲ್ಲ" ಅಂದರು.

ನಾನು ಆ ಮಾತು ಹೇಳಲಿಲ್ಲ. ಕೈಹೊಲಿಗೆ ಮಾಡುವವರ ಹತ್ತಿರ ಒಂದಕ್ಕಿಂತ ಜಾಸ್ತಿ ಕೆಲಸ ಇರುವುದು ಸಹಜ. ಕಸೂತಿಗೆ ಹಗಲು ಬೆಳಕು ಬೇಕು. ಬಟ್ಟೆ ಮೇಲೆ ಗೆರೆ ಬರೆದುಕೊಂಡು ಹಾಕುವ ಕೆಲಸ ಅಲ್ಲ ಅದು, ಎಳೆ ಎಣಿಸಿಯೇ ಹಾಕಬೇಕು, ಒಂದು ಎಳೆ ತಪ್ಪಿದರೂ ಗೋಪುರದ ಚಿತ್ತಾರ ವಾಲುತ್ತದೆ, ಬಿಚ್ಚಿ ಮತ್ತೆ ಹಾಕಬೇಕು. ಚಂದ್ರಕಾಳಿಯಂಥ ಕಪ್ಪು ಸೀರೆ ಆದರಂತೂ ರಾತ್ರಿ ದೀಪದಲ್ಲಿ ಎಳೆ ಕಾಣುವುದೇ ಕಷ್ಟ. ಕೌದಿ ಹಾಗಲ್ಲ. ಹಳೆ ಸೀರೆಗಳ ಪದರ ಹಾಸಿ, ಸುಕ್ಕು ತೆಗೆದು, ಕಚ್ಚಾ ಹೊಲಿಗೆ ಹಾಕುವವರೆಗೆ ಅಗಲ ಜಾಗ ಬೇಕು, ಇನ್ನೊಬ್ಬರ ಕೈ ಬೇಕು. ಆಮೇಲೆ ಮಕ್ಕಳಿಗೆ ಓದಿಸುತ್ತಲೇ ಸಾಲು ಹೊಲಿಯಬಹುದು. ಫಾಲ್ ಹಚ್ಚುವುದು, ಕುಚ್ಚು ಕಟ್ಟುವುದು ಕುಕ್ಕರ್ ಸೀಟಿಗಳ ನಡುವೆಯೂ ಆಗುತ್ತದೆ. ದಿನದ ಬೇರೆ ಬೇರೆ ಹೊತ್ತಿಗೆ ಬೇರೆ ಬೇರೆ ಕೆಲಸ ಇಟ್ಟುಕೊಳ್ಳುವುದು ಜಾಣತನವೇ. ಹಾಗಾದರೆ ಇವರಿಗೆ ನಿದ್ದೆ ಯಾಕೆ ಬರುತ್ತಿಲ್ಲ?

ಮುಂದಿನ ಸಲ ಬರುವಾಗ ಎಲ್ಲ ಚೀಲ ತನ್ನಿ ಅಂದೆ. ಅವರು ನಾಚಿಕೊಂಡರು, ಆದರೂ ಆಟೋದಲ್ಲಿ ಹಾಕಿಕೊಂಡು ತಂದರು. ಚಾಪೆ ಮೇಲೆ ಒಂದೊಂದೇ ಬಿಚ್ಚಿದೆವು. ನಾದಿನಿಯ ಕುಬಸಕ್ಕೆ, ಅಂದರೆ ಸೀಮಂತಕ್ಕೆ, ಅಂತ ಇಳಕಲ್ ಸೀರೆ, ಸೆರಗಿನ ಹತ್ತಿರ ಕಸೂತಿಯ ತೇರು, ಆನೆ ಅರ್ಧ ಆಗಿದ್ದವು. ಮಾವಶಿಯ, ಅಂದರೆ ತಾಯಿಯ ಸೋದರಿಯ, ಹಳೆ ಸೀರೆಗಳ ಕೌದಿ, ನಾಲ್ಕೂ ಅಂಚು ಹೊಲಿದು ನಡುವಿನದೆಲ್ಲ ಬಾಕಿ. ಬದಿ ಮನೆಯವರ ಸೀರೆಗಳು ಫಾಲ್ ಹಚ್ಚಲಿಕ್ಕೆ. ಗಂಡನ ಆಫೀಸಿನವರ ಹೆಂಡತಿಯ ಎರಡು ಬ್ಲೌಸ್ ಕೈ ಕೆಲಸಕ್ಕೆ. ಕೊನೆಗೆ ಒಂದು ಸಣ್ಣ ಚೀಲ, ಅದರಲ್ಲಿ ತಂಗಿಯ ಕೂಸಿಗೆ ಅಂತ ಹೊಲಿದ ಕುಲಾಯಿ, ಅಂದರೆ ಕೂಸಿನ ಟೋಪಿ. ಗುಳೇದಗುಡ್ಡದ ಖಣದ ತುಂಡುಗಳನ್ನು ತ್ರಿಕೋನ ಮಾಡಿ ಜೋಡಿಸಿದ್ದರು, ಒಳಗೆ ಮೆತ್ತಗಿನ ಹಳೆ ಪಂಚೆ ಬಟ್ಟೆ, ಗಂಟು ಚರ್ಮಕ್ಕೆ ಒತ್ತದ ಹಾಗೆ ಹೊಲಿಗೆ. ಗಲ್ಲದ ಕೆಳಗೆ ಕಟ್ಟುವ ಕಸಿ ಒಂದೇ ಬಾಕಿ.

"ಕೂಸು ಎಷ್ಟು ದೊಡ್ಡದಾಗಿದೆ?" ಅಂತ ಕೇಳಿದೆ.

"ಈಗ ಓಡ್ಯಾಡತೈತ್ರೀ."

"ಕಸಿ ಹಚ್ಚಲಿಕ್ಕೆ ಎಷ್ಟು ಹೊತ್ತು ಬೇಕಿತ್ತು?"

"ಅರ್ಧ ತಾಸೂ ಬ್ಯಾಡ್ರೀ."

ಮತ್ತೆ ಯಾಕೆ ಉಳಿಯಿತು ಅಂತ ಕೇಳಲಿಲ್ಲ, ಸುಮ್ಮನೆ ಕೂತೆ. ಅವರು ಕುಲಾಯಿಯನ್ನು ಮಡಚುತ್ತಾ, ಬಿಚ್ಚುತ್ತಾ ಸುಮಾರು ಹೊತ್ತು ಇದ್ದರು. ಆಮೇಲೆ ಹೇಳಿದರು: "ಮುಗಿದ್ರ ಮತ್ತೊಂದು ಬರ್ತೈತಲ್ರೀ ಮೇಡಂ. ಕೈಯಾಗ ಒಂದು ಇದ್ರ, ಇದ ಇನ್ನೂ ಮುಗಿದಿಲ್ಲ ಅಂತ ಹೇಳಾಕ ಬರ್ತೈತಿ."

ಇಡೀ ಪ್ರಕರಣ ಈ ಒಂದು ಮಾತಿನಲ್ಲಿತ್ತು. ಅವರು ಸೋಮಾರಿ ಅಲ್ಲ, ಮನಸ್ಸು ನಿಲ್ಲದವರೂ ಅಲ್ಲ. ಆಗಲ್ಲ ಅಂತ ಹೇಳುವ ಹಕ್ಕು ತಮಗಿದೆ ಅಂತ ಅವರಿಗೆ ಯಾವತ್ತೂ ಅನಿಸಿರಲಿಲ್ಲ. ಅದಕ್ಕೇ ಮುಗಿಯದ ಕೆಲಸವನ್ನು ಅಡ್ಡ ಹಿಡಿದುಕೊಂಡಿದ್ದರು. ಹೀಗಿರುವಾಗ ಟೈಮ್‌ಟೇಬಲ್ ಹಾಕಿಕೊಟ್ಟು ಬೇಗ ಬೇಗ ಮುಗಿಸಿ ಅಂದರೆ ಆಗುವುದೇನು? ಇನ್ನಷ್ಟು ಚೀಲ ಬರುತ್ತವೆ ಅಷ್ಟೇ.

ಅವರ ಅತ್ತೆ ಒಂದು ಮಾತು ಹೇಳಿದ್ದರು, ಅದೂ ಇಲ್ಲಿ ಮುಖ್ಯ. ಆಲಮಟ್ಟಿ ಹಿನ್ನೀರಿಗೆ ಹಳೆ ಊರಿನ ಭಾಗ ಮುಳುಗಿ ನವನಗರಕ್ಕೆ ಬರುವ ಮುಂಚೆ, ಓಣಿಯಲ್ಲಿ ಒಂದು ಕೌದಿ ಹಾಸಿದರೆ ಅಕ್ಕಪಕ್ಕದವರೆಲ್ಲ ಬಂದು ಕೂರುತ್ತಿದ್ದರಂತೆ. ಈಗ ಆ ಓಣಿಯವರು ಒಬ್ಬರು ಈ ಸೆಕ್ಟರ್, ಇನ್ನೊಬ್ಬರು ಆ ಸೆಕ್ಟರ್. ನಾಲ್ಕು ಜನ ಸೇರಿ ಮಾಡುತ್ತಿದ್ದ ಕೆಲಸ ಒಬ್ಬರ ಕೈಗೆ ಬಂದಿದೆ. ಕೊಡುವವರಿಗೆ ಮಾತ್ರ ಅದು ಗೊತ್ತಾಗಿಲ್ಲ. "ನಿನಗೇನು, ಕೂತಲ್ಲೇ ಹೊಲಿತಿ" ಅನ್ನುತ್ತಾರೆ.

ನಾನು ಕೊಟ್ಟ ಸಲಹೆ ಇಷ್ಟು. ಮಾವಶಿಯ ಕೌದಿ ಮತ್ತು ಬದಿ ಮನೆಯವರ ಸೀರೆಗಳನ್ನು ಈ ವಾರವೇ ವಾಪಸ್ ಕೊಡಿ. ಮೈಯಲ್ಲಿ ಹುಷಾರಿಲ್ಲ ಅಂತ ಸುಳ್ಳು ಹೇಳಬೇಡಿ, ಹುಷಾರಾದ ಮೇಲೆ ಚೀಲ ಮತ್ತೆ ಬರುತ್ತದೆ. "ಈ ವರ್ಷ ನನ್ನ ಕಡೆ ಆಗಂಗಿಲ್ಲ ಮಾವಶಿ, ಮಧ್ಯಾಹ್ನ ನೀವೂ ಬಂದು ಕೂತರ ಇಬ್ಬರೂ ಕೂಡೆ ಹೊಲಿಯೋಣು" ಅನ್ನಿ. ಇದನ್ನು ನನ್ನ ಕೋಣೆಯಲ್ಲೇ ಹೇಳಿಸಿದೆ, ನಾನು ಮಾವಶಿಯಾದೆ. ಮೊದಲು ಗಂಟಲೇ ಹೊರಡಲಿಲ್ಲ, ಕಣ್ಣಲ್ಲಿ ನೀರು ಬಂತು. ಹೇಳುತ್ತಾ ಹೇಳುತ್ತಾ ದನಿ ಗಟ್ಟಿಯಾಯಿತು.

ಕುಬಸದ ಸೀರೆ ಇಟ್ಟುಕೊಳ್ಳಿ ಅಂದೆ, ಅದಕ್ಕೊಂದು ದಿನಾಂಕ ಇದೆ, ಮೇಲಾಗಿ ಅದನ್ನು ಮಾಡುವ ಆಸೆ ಅವರಿಗೇ ಇತ್ತು. ಆದರೆ ಕಸೂತಿ ಹಿಡಿದ ಹೊತ್ತಿನಲ್ಲಿ ಅತ್ತೆ ಮಕ್ಕಳನ್ನು ನೋಡಿಕೊಳ್ಳಬೇಕು, ನಡುವೆ ಎಬ್ಬಿಸಬಾರದು. ಕಸೂತಿಯ ಗವಂತಿ ಹೊಲಿಗೆ ಹಾಕುವಾಗ ದಾರ ಹೋಗುತ್ತಾ ಒಂದು ಬಿಟ್ಟು ಒಂದು ಬೀಳುತ್ತದೆ, ತಿರುಗಿ ಬರುತ್ತಾ ಖಾಲಿ ಜಾಗ ತುಂಬುತ್ತದೆ. ಅರ್ಧ ದಾರಿಯಲ್ಲಿ ಎದ್ದು ಹೋದರೆ ಲೆಕ್ಕ ತಪ್ಪುತ್ತದೆ, ಸಿಟ್ಟು ಮಕ್ಕಳ ಮೇಲೆ ಹೋಗುತ್ತದೆ. ಅತ್ತೆ ತಕ್ಷಣ ಒಪ್ಪಿದರು, ಅವರು ಸ್ವತಃ ಕಸೂತಿ ಹಾಕಿದವರು.

ಗಂಡನಿಗೆ ಬೇರೆ ಹೇಳಬೇಕಾಯಿತು. ಆ ಎರಡು ಬ್ಲೌಸ್‌ಗೆ ಹೂಂ ಅಂದವರು ಅವರೇ, ಹೆಂಡತಿಯನ್ನು ಕೇಳದೆ. ಹೆಂಡತಿಯ ಕೈ ಕೆಲಸಕ್ಕೆ ನೀವು ಮಾತು ಕೊಡಬೇಡಿ ಅಂದೆ. ಅವರಿಗೆ ಹಿಡಿಸಲಿಲ್ಲ.

ಇನ್ನೊಂದು ಆಕ್ಷೇಪವೂ ನನ್ನ ಕಿವಿಗೆ ಬಂತು. ಹೊರಗಿನವರ ಕೆಲಸಕ್ಕೆ ರೊಕ್ಕ ಹೇಳಿ, ಸಂಬಂಧಿಕರಿಗೆ ಬಿಟ್ಟಿಯಾಗಿ ಮಾಡಿದರೂ ಎಷ್ಟು ಮಧ್ಯಾಹ್ನ ಹಿಡಿಯಿತು ಅಂತ ಬಾಯಿಬಿಟ್ಟು ಹೇಳಿ ಅಂದಿದ್ದೆ. "ಸಂಬಂಧದೊಳಗ ಲೆಕ್ಕ ಕಲಿಸ್ತಾರ, ಮನಿ ಒಡಿತಾರ" ಅಂತ ಬೀಗರ ಕಡೆಯಿಂದ ಮಾತು. ಇರಲಿ. ಈ ಸಲಹೆಯನ್ನು ನಾನು ನಾಳೆಯೂ ಕೊಡುತ್ತೇನೆ. ಒಂದು ಸೀರೆಗೆ ಒಳ್ಳೆ ಕಸೂತಿ ಹಾಕಲಿಕ್ಕೆ ತಿಂಗಳುಗಳೇ ಬೇಕು, ಅದನ್ನು ಉಡುವವರಿಗೆ ಅದು ತಿಳಿಯಬೇಕು. ಒಳಗೊಳಗೇ ಕುದಿಯುತ್ತಾ ಮಾಡಿದ ಉಪಕಾರದಿಂದ ಯಾವ ಸಂಬಂಧವೂ ಉಳಿದದ್ದನ್ನು ನಾನು ನೋಡಿಲ್ಲ.

ಇದನ್ನು ಓದುವವರಲ್ಲಿ ಯಾರಿಗಾದರೂ ಇದೇ ಸ್ಥಿತಿ ಇದ್ದರೆ ಚೀಲಗಳನ್ನು ಹೊರಗೆ ತೆಗೆದು, ಯಾವುದು ಯಾರದು, ಯಾವುದಕ್ಕೆ ನೀವೇ ಆಸೆಪಟ್ಟು ಹೂಂ ಅಂದಿರಿ ಅಂತ ನೋಡಿ. ಆದರೆ ಎರಡು ವಾರ ಆದರೂ ನಿದ್ದೆ ಸರಿಹೋಗದಿದ್ದರೆ, ಇಷ್ಟಪಟ್ಟ ಹೊಲಿಗೆಯೂ ಬೇಡ ಅನಿಸಿದರೆ, ಬದುಕೇ ಬೇಸರ ಬಂದರೆ ಅದು ಚೀಲದ ವಿಷಯವಲ್ಲ, ಡಾಕ್ಟರ ಹತ್ತಿರ ಹೋಗಿ. ಟೆಲಿ ಮಾನಸ್ 14416 ಸರ್ಕಾರದ ಉಚಿತ ಸಹಾಯವಾಣಿ, ಕನ್ನಡದಲ್ಲೇ ಮಾತಾಡಬಹುದು.

ಇವರಿಗೆ ಈಗ ನಿದ್ದೆ ಬರುತ್ತಿದೆ. ಕುಬಸದ ಸೀರೆ ಹೊತ್ತಿಗೆ ಸರಿಯಾಗಿ ಆಯಿತು. ಮಾವಶಿ ಇನ್ನೂ ಮಾತು ಬಿಟ್ಟಿದ್ದಾರೆ, ಸಮಾಧಾನ ಮಾಡಲಿಕ್ಕೆ ಅಂತ ಕೌದಿ ವಾಪಸ್ ಕೇಳಬೇಡಿ ಅಂದಿದ್ದೇನೆ. ಬ್ಲೌಸ್‌ಗಳ ವಿಷಯ ಗಂಡ ಇನ್ನೂ ಆಫೀಸಿನಲ್ಲಿ ಹೇಳಿಲ್ಲ. ಮುಂದಿನ ಸಲ ಅವರೂ ಬರಬೇಕು ಅಂತ ಫೋನ್ ಮಾಡಿದ್ದೇನೆ.